ಕೊಟ್ಟಿಗೆ ಪಕ್ಕದ ಪೆಟ್ರೋಲ್ ಕ್ಯಾನು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಒಳಭಾಗದಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಬಂಕು ಮನೆಯಿಂದ 17 ಕಿಲೋಮೀಟರ್. ಕಳೆ ಹೊಡೆಯುವ ಮೆಷಿನ್, ಔಷಧಿ ಪಂಪು, ಸಣ್ಣ ಜನರೇಟರ್ ಇರುವುದರಿಂದ ಪೇಟೆಗೆ ಹೋದಾಗ ಒಂದೇ ಸಲ 30–35 ಲೀಟರ್ ಪೆಟ್ರೋಲ್ ತಂದು ಬಿಳಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಇಡುತ್ತೇವೆ. ಕೊಟ್ಟಿಗೆಗೂ ಬಚ್ಚಲಿಗೂ ನಡುವೆ ಇರುವ ಸಾಮಾನು ಕೋಣೆಯೇ ಅದರ ಜಾಗ. ಇನ್ವರ್ಟರ್ ಕೂಡ ಅಲ್ಲೇ ಇದೆ. ಅಮ್ಮ ವಾಸನೆ ಬರ್ತದೆ ಅಂತ ದಿನಾ ಗೊಣಗುತ್ತಾರೆ, ನಮಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಎಷ್ಟು ಪೆಟ್ರೋಲ್ ಇಡಬಹುದು? ಪ್ಲಾಸ್ಟಿಕ್ ಕ್ಯಾನ್ ಆಗುತ್ತದೆಯೇ? ಕೆರೆ ಪಕ್ಕದ ಪಂಪ್‌ಶೆಡ್ಡಿಗೆ ಸಾಗಿಸಿದರೆ ಸಾಕೇ? ಎಷ್ಟು ದಿನ ಕೆಡದೆ ಇರುತ್ತದೆ? ಮಳೆಗಾಲದಲ್ಲಿ ಸೌದೆ ಹಸಿ ಇದ್ದಾಗ ಬಚ್ಚಲ ಒಲೆ ಹಚ್ಚಲು ಒಂದು ಲೋಟ ಹಾಕುವುದೂ ಉಂಟು, ಹಾಗಾಗಿ ತುಂಬ ದಿನವೇನೂ ಉಳಿಯುವುದಿಲ್ಲ.

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಿಗೂ ಉತ್ತರ ಬರೆಯುತ್ತೇನೆ. ಆದರೆ ಪತ್ರ ಓದುವಾಗ ನನ್ನ ಎದೆ ಧಸಕ್ಕೆಂದದ್ದು ನೀವು ಕೇಳಿದ ಪ್ರಶ್ನೆಗಳಿಂದಲ್ಲ, ಕೊನೆಗೆ ಸುಮ್ಮನೆ ಸೇರಿಸಿದ ಸಾಲಿನಿಂದ. ಬಚ್ಚಲ ಒಲೆಗೆ ಒಂದು ಲೋಟ ಪೆಟ್ರೋಲ್. ಅದನ್ನು ಇವತ್ತೇ, ಈಗಲೇ ನಿಲ್ಲಿಸಿ. ಕ್ಯಾನು ಯಾವುದು, ಎಲ್ಲಿಡಬೇಕು ಅನ್ನುವುದೆಲ್ಲ ಆಮೇಲಿನ ಮಾತು.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲೂ ಇತ್ತು, ಆದರೆ ಆಗ ಹಾಕುತ್ತಿದ್ದದ್ದು ಸೀಮೆಎಣ್ಣೆ. ರೇಷನ್ ಅಂಗಡಿಯ ನೀಲಿ ಎಣ್ಣೆಯನ್ನು ಒಂದು ಗರಟೆಯಲ್ಲಿ ತಂದು ಸೌದೆ ಮೇಲೆ ಚಿಮುಕಿಸಿ, ಆರಾಮವಾಗಿ ಬೆಂಕಿಪೊಟ್ಟಣ ಹುಡುಕಿ, ಎರಡು ಕಡ್ಡಿ ಆರಿಹೋದ ಮೇಲೆ ಮೂರನೆಯದಕ್ಕೆ ಒಲೆ ಹತ್ತುತ್ತಿತ್ತು. ಸೀಮೆಎಣ್ಣೆ ಸಿಗುವುದು ಅಪರೂಪವಾಯಿತು, ಮನೆಯಲ್ಲಿ ಕಳೆ ಮೆಷಿನ್ನಿಗೆ ತಂದ ಪೆಟ್ರೋಲ್ ಇತ್ತು, ಕೈ ಅದರ ಕಡೆ ಹೋಯಿತು. ಎಣ್ಣೆ ಬದಲಾಯಿತು, ಕೈಯ ಅಭ್ಯಾಸ ಬದಲಾಗಲಿಲ್ಲ. ನಾನು ಇಪ್ಪತ್ತೈದು ವರ್ಷ ಇಂಧನ ಡಿಪೋ ಒಂದರ ಸುರಕ್ಷತಾ ವಿಭಾಗದಲ್ಲಿದ್ದವನು. ಹಳ್ಳಿಮನೆಗಳ ಪೆಟ್ರೋಲ್ ಅವಘಡಗಳ ಬಗ್ಗೆ ಕೇಳಿದಾಗಲೆಲ್ಲ ನನಗೆ ಕಾಣುವುದು ಇದೊಂದೇ: ಪೆಟ್ರೋಲನ್ನು ಸೀಮೆಎಣ್ಣೆಯ ಹಾಗೆ ನಡೆಸಿಕೊಂಡಿದ್ದು. ನಿಮ್ಮ ಬಿಳಿ ಕ್ಯಾನು, ಸಾಮಾನು ಕೋಣೆ, ಒಲೆಗೆ ಒಂದು ಲೋಟ, ಎಲ್ಲವೂ ಸೀಮೆಎಣ್ಣೆ ಕಾಲದ ವ್ಯವಸ್ಥೆಯೇ.

ಎರಡರ ನಡುವಿನ ವ್ಯತ್ಯಾಸ ಒಂದೇ ಅಂಕಿಯಲ್ಲಿದೆ. ಎಣ್ಣೆಯ ಮೇಲೆ ಕಿಡಿ ತಗುಲಿದರೆ ಭಗ್ಗೆನ್ನುವಷ್ಟು ಆವಿ ಯಾವ ಉಷ್ಣತೆಯಲ್ಲಿ ಏಳುತ್ತದೋ ಅದನ್ನು ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಸೀಮೆಎಣ್ಣೆಗೆ ಅದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಮಲೆನಾಡಿನ ಜುಲೈ ಬೆಳಗ್ಗೆ 22 ಡಿಗ್ರಿ ಇದ್ದರೆ ಸೀಮೆಎಣ್ಣೆಯನ್ನು ಕಡ್ಡಿಯಿಂದ ಬಿಸಿ ಮಾಡಿಯೇ ಹೊತ್ತಿಸಬೇಕು, ಅದಕ್ಕೇ ಆ ಎರಡು ಕಡ್ಡಿ ದಂಡವಾಗುತ್ತಿದ್ದದ್ದು. ಪೆಟ್ರೋಲಿನದು ಸೊನ್ನೆಗಿಂತ ಕೆಳಗೆ ಸುಮಾರು 40 ಡಿಗ್ರಿ. ಅಂದರೆ ಕೊಡಗಿನ ಡಿಸೆಂಬರ್ ರಾತ್ರಿಯಲ್ಲೂ, ಫ್ರಿಜ್ಜಿನ ಐಸ್‌ಪೆಟ್ಟಿಗೆಯೊಳಗೂ ಅದು ಕಿಡಿಗೆ ಸಿದ್ಧವಾಗಿಯೇ ಕೂತಿರುತ್ತದೆ. ನೀವು ಲೋಟದಿಂದ ಒಲೆಗೆ ಸುರಿಯುವಾಗ ಸೌದೆ ಒದ್ದೆಯಾಗುವುದಷ್ಟೇ ಅಲ್ಲ, ಒಲೆಯ ಹೊಟ್ಟೆ ಪೂರ್ತಿ ಆವಿ ತುಂಬುತ್ತದೆ, ಹಂಡೆಯ ಕೆಳಗಿಂದ ಹೊರಳಿ ಬಚ್ಚಲ ನೆಲಕ್ಕೂ ಇಳಿಯುತ್ತದೆ.

ನನ್ನ ಹತ್ತಿರದ ಸಂಬಂಧಿಯೊಬ್ಬರು ಹೀಗೇ ಮಾಡಿದರು. ಪೆಟ್ರೋಲ್ ಸುರಿದರು, ಬೆಂಕಿಪೊಟ್ಟಣ ಅಡುಗೆಮನೆಯಲ್ಲಿತ್ತು, ಹೋಗಿ ತರುವಷ್ಟರಲ್ಲಿ ಒಂದೆರಡು ನಿಮಿಷ ಆಗಿತ್ತು. ಅವರು ಕಡ್ಡಿ ಗೀರಿದ್ದು ಒಲೆಯ ಬಾಯಲ್ಲಲ್ಲ, ಬಚ್ಚಲ ಬಾಗಿಲಲ್ಲಿ ನಿಂತು. ಒಲೆಗೂ ಅವರಿಗೂ ಆರಡಿ ಅಂತರ. ಬೆಂಕಿ ಒಲೆಯಿಂದ ಬರಲಿಲ್ಲ, ಕಾಲಬುಡದಿಂದ ಎದ್ದಿತು. ಮೂರು ವಾರ ಆಸ್ಪತ್ರೆ, ಎರಡೂ ಮೊಣಕಾಲು ಕೆಳಗೆ ಸುಟ್ಟ ಗಾಯ. ಇವತ್ತಿಗೂ ಅವರು ಹೇಳುವುದು, "ನಾನು ಒಲೆ ಹತ್ತಿರ ಹೋಗೇ ಇರಲಿಲ್ಲ ಮಾರಾಯ" ಅಂತ. ನಿಜ, ಹೋಗಿರಲಿಲ್ಲ. ಪೆಟ್ರೋಲೇ ಅವರ ಹತ್ತಿರ ಬಂದಿತ್ತು.

ಅದು ಹೇಗೆ ಬಂತು ಅನ್ನುವುದನ್ನು ನಾವು ಡಿಪೋದಲ್ಲಿ ಹೊಸಬರಿಗೆ ಒಂದು ಪ್ರಯೋಗದಲ್ಲಿ ತೋರಿಸುತ್ತಿದ್ದೆವು. ನೀರು ಹಾಯಿಸಲು ಅಡಿಕೆ ದಬ್ಬೆ ಇಡುತ್ತೀರಲ್ಲ, ಅದೇ ಆಕಾರದ ತಗಡಿನ ದೋಣಿ, ಆರಡಿ ಉದ್ದ. ಒಂದು ತುದಿ ಮೇಜಿನ ಎತ್ತರಕ್ಕೆ, ಇನ್ನೊಂದು ತುದಿ ಕೆಳಗೆ. ಕೆಳತುದಿಯಲ್ಲಿ ಒಂದು ಮೋಂಬತ್ತಿ ಉರಿಯುತ್ತಿರುತ್ತದೆ. ಮೇಲ್ತುದಿಯಲ್ಲಿ ಅಂಗೈಯಗಲದ ಬಟ್ಟೆ, ಅದಕ್ಕೆ ಎರಡು ಚಮಚ ಪೆಟ್ರೋಲ್. ಬಟ್ಟೆ ಇಟ್ಟ ಮೇಲೆ ಏನೂ ಆಗುವುದಿಲ್ಲ. ಹೊಸ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಯಾರೋ ಒಬ್ಬ ನಗುತ್ತಾನೆ. ಅಷ್ಟರಲ್ಲಿ ಮೋಂಬತ್ತಿಯ ಜ್ವಾಲೆ ಒಮ್ಮೆ ಉಬ್ಬುತ್ತದೆ, ನೀಲಿಬಣ್ಣದ ಒಂದು ನಾಲಿಗೆ ದೋಣಿಯ ತಳ ನೆಕ್ಕಿಕೊಂಡು ಮೇಲಕ್ಕೆ ಓಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಬಟ್ಟೆ ಉರಿಯುತ್ತಿರುತ್ತದೆ. ಕಣ್ಣಿಗೆ ಏನೂ ಕಾಣದೆ ಆವಿ ಇಳಿದುಬಂದಿತ್ತು, ಬೆಂಕಿ ಅದೇ ದಾರಿಯಲ್ಲಿ ವಾಪಸು ಹತ್ತಿತು. (ದಯವಿಟ್ಟು ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ನಾವು ಮಾಡುವಾಗ ಪಕ್ಕದಲ್ಲಿ ಇಬ್ಬರು ಬೆಂಕಿ ಆರಿಸುವ ನಂದಕ ಹಿಡಿದು ನಿಂತಿರುತ್ತಿದ್ದರು.)

ಪೆಟ್ರೋಲ್ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮಾಡಿನ ಕಡೆ ಏರಿ ಹೆಂಚಿನ ಸಂದಿಯಲ್ಲಿ ಹೋಗಿಬಿಡುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ, ಹೊಸ್ತಿಲ ಕೆಳಗೆ ನುಸುಳುತ್ತದೆ, ಬಚ್ಚಲ ತೂಬಿನಲ್ಲಿ ಇಳಿಯುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 1.4 ಮುಟ್ಟಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಹೆಚ್ಚುಕಡಿಮೆ ಅರ್ಧದಷ್ಟು ಗಾಳಿಯನ್ನು ಆ ಮಟ್ಟಕ್ಕೆ ತರಬಲ್ಲದು. ನಿಮ್ಮ ಕೋಣೆಯಲ್ಲಿರುವುದು ಒಂದು ಲೀಟರಲ್ಲ.

ಈಗ ಆ ಕೋಣೆಯನ್ನೇ ನೋಡೋಣ. ಒಂದು ಗೋಡೆಯಾಚೆ ಬಚ್ಚಲ ಒಲೆ, ಮಳೆಗಾಲದಲ್ಲಿ ಬೆಳಗಿಂದ ರಾತ್ರಿವರೆಗೆ ಕೆಂಡ ಆರದ ಒಲೆ. ಇನ್ನೊಂದು ಗೋಡೆಯಾಚೆ ಕೊಟ್ಟಿಗೆ, ಹುಲ್ಲು, ಕಟ್ಟಿಹಾಕಿದ ದನ. ನಡುವೆ ಇನ್ವರ್ಟರ್. ಕರೆಂಟು ಹೋದಾಗ ಅದು ಟಕ್ ಅನ್ನುತ್ತದಲ್ಲ, ಅದು ಒಳಗಿನ ರಿಲೇಯ, ಅಂದರೆ ತಾನಾಗಿ ಬದಲಾಗುವ ಸ್ವಿಚ್ಚಿನ ಶಬ್ದ. ಆ ಕ್ಷಣಕ್ಕೆ ಅಲ್ಲಿ ಸಣ್ಣ ಕಿಡಿ ಹಾರಬಹುದು. ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬೇರೆ ಬಿಡುತ್ತದೆ. ಸ್ವಿಚ್ಚು, ಫ್ರಿಜ್ಜು, ಗ್ಯಾಸ್ ಗೀಸರ್, ದೇವರ ದೀಪ, ಯಾರೋ ಆಳು ಸೇದುವ ಬೀಡಿ, ಎಲ್ಲವೂ ಆ ಮೋಂಬತ್ತಿಯ ಕೆಲಸ ಮಾಡಬಲ್ಲವು.

ನಿಮ್ಮ ಅಮ್ಮ ಹೇಳುವುದು ಸರಿ. ಪೆಟ್ರೋಲಿನ ವಾಸನೆಯನ್ನು ಮನುಷ್ಯರ ಮೂಗು ಬಹಳ ಬೇಗ ಹಿಡಿಯುತ್ತದೆ, ಬೆಂಕಿ ಹೊತ್ತಿಕೊಳ್ಳುವ ಮಟ್ಟಕ್ಕಿಂತ ಸಾವಿರಾರು ಪಾಲು ಕಡಿಮೆ ಇರುವಾಗಲೇ. ಹಾಗಾಗಿ ವಾಸನೆ ಬಂದ ಮಾತ್ರಕ್ಕೆ ಈಗಲೇ ಸಿಡಿಯುತ್ತದೆ ಅಂತಲ್ಲ. ಆದರೆ ಕ್ಯಾನಿನಿಂದ ಆವಿ ಹೊರಬರುತ್ತಲೇ ಇದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನಿಮಗೆ ಗೊತ್ತಾಗದಿರುವುದಕ್ಕೆ ಕಾರಣ, ಅದೇ ಕೋಣೆಯಲ್ಲಿ ಓಡಾಡಿ ಓಡಾಡಿ ಮೂಗು ಒಗ್ಗಿಹೋಗಿದೆ. ಕೊಟ್ಟಿಗೆಯಿಂದ ಒಳಗೆ ಬರುವ ಅಮ್ಮನ ಮೂಗು ಒಗ್ಗಿಲ್ಲ.

ಇವತ್ತು ಮಾಡಬೇಕಾದ್ದು ಇಷ್ಟು. ಬಚ್ಚಲ ಒಲೆಯ ಕೆಂಡಕ್ಕೆ ನೀರು ಹಾಕಿ ಪೂರ್ತಿ ಆರಿಸಿ. ಆ ಕೋಣೆಯ ಬಾಗಿಲು ಕಿಟಕಿ ತೆಗೆದು ಒಂದರ್ಧ ಗಂಟೆ ಬಿಡಿ. ಒಳಗೆ ಹೋಗುವಾಗ ದೀಪದ ಸ್ವಿಚ್ಚು ಮುಟ್ಟಬೇಡಿ, ಹಗಲಲ್ಲೇ ಮಾಡಿ. ಕ್ಯಾನಿನ ಮುಚ್ಚಳ ಬಿಗಿ ಇದೆಯೇ ನೋಡಿ ಹೊರಗೆ ತನ್ನಿ, ಮನೆಯಿಂದ ದೂರ, ನೆರಳಲ್ಲಿ ಇಡಿ. 35 ಲೀಟರಿನ ಕ್ಯಾನು ಸುಮಾರು 26 ಕಿಲೋ ತೂಗುತ್ತದೆ, ಒಬ್ಬರೇ ಎಳೆದಾಡಬೇಡಿ, ಇಬ್ಬರು ಹಿಡಿದು ಎತ್ತಿ.

ಇನ್ನು ಎಷ್ಟು ಇಡಬಹುದು ಅನ್ನುವುದು. ಇದಕ್ಕೆ 1934ರ ಪೆಟ್ರೋಲಿಯಂ ಕಾಯ್ದೆಯಲ್ಲೇ ಉತ್ತರವಿದೆ. ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ ಇರುವುದೆಲ್ಲ 'ಎ' ದರ್ಜೆ, ಪೆಟ್ರೋಲ್ ಅದರಲ್ಲಿ ಬರುತ್ತದೆ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು ಅನ್ನುತ್ತದೆ ಅದರ ಎಂಟನೇ ಕಲಂ. ವಾಹನ ಅಥವಾ ಒಂದೆಡೆ ಕೂರಿಸಿದ ಇಂಜಿನ್ ಇರುವವರಿಗೆ, ಅದನ್ನು ಓಡಿಸುವುದಕ್ಕಾಗಿಯೇ ಆದರೆ, ಒಂಬತ್ತನೇ ಕಲಂ 100 ಲೀಟರ್‌ವರೆಗೆ ವಿನಾಯಿತಿ ಕೊಡುತ್ತದೆ. ಆದರೆ 30 ದಾಟಿತೋ, ಜನ ವಾಸಿಸುವ ಅಥವಾ ಕೆಲಸ ಮಾಡುವ ಕೋಣೆಗೆ ಸಂಪರ್ಕವೇ ಇಲ್ಲದ ಪ್ರತ್ಯೇಕ ಜಾಗದಲ್ಲಿಡಬೇಕು. ನಿಮ್ಮ 35 ಲೀಟರ್, ಬಚ್ಚಲಿಗೂ ಕೊಟ್ಟಿಗೆಗೂ ನಡುವಿನ ಕೋಣೆಯಲ್ಲಿ, ಈ ಷರತ್ತನ್ನೇ ಮುರಿಯುತ್ತದೆ. ಮುಚ್ಚಳ ಭದ್ರವಿರುವ ಪಾತ್ರೆಯೇ ಆಗಬೇಕೆಂದೂ ಕಾಯ್ದೆ ಹೇಳುತ್ತದೆ: ಗಾಜು ಅಥವಾ ಪಿಂಗಾಣಿಯಂಥ ಜಾಡಿಯಾದರೆ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು.

ಕಾನೂನಿನ ಮಿತಿ ಅದು, ನನ್ನ ಮಿತಿ ಬೇರೆ. ಎರಡೂವರೆ ಎಕರೆಗೆ ಕಳೆ ಮೆಷಿನ್ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿದರೂ ದಿನಕ್ಕೆ ಐದು ಲೀಟರ್ ಖರ್ಚು ಮಾಡುವುದು ಕಷ್ಟ, ಅಷ್ಟರಲ್ಲಿ ಹೊಡೆಯುವವನ ಭುಜವೇ ಸೋತಿರುತ್ತದೆ. ಮಾಮೂಲಿ ದಿನಗಳಲ್ಲಿ 10 ಲೀಟರ್, ಕಳೆ ಹೊಡೆಸುವ ವಾರ ಮತ್ತು ಗಾಳಿಮಳೆಗೆ ಮೂರು ದಿನ ಕರೆಂಟು ಹೋಗುವ ಕಾಲದಲ್ಲಿ 20 ಲೀಟರ್. ಅದಕ್ಕಿಂತ ಹೆಚ್ಚು ನಿಮಗೆ ಬೇಕಾಗುವುದಿಲ್ಲ. ಪೇಟೆಗೆ ಹೋದಾಗಲೆಲ್ಲ ಹತ್ತು ಲೀಟರ್ ತನ್ನಿ.

ಪ್ಲಾಸ್ಟಿಕ್ ಕ್ಯಾನಿನ ಬಗ್ಗೆ. ಕಾಯ್ದೆ ಅದರ ಹೆಸರೇ ಎತ್ತುವುದಿಲ್ಲ, ಗಾಜು, ಜಾಡಿ, ಲೋಹ ಅಷ್ಟೇ. ಪೆಟ್ರೋಲಿಗೆಂದೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಕ್ಯಾನುಗಳು ಹೊರದೇಶಗಳಲ್ಲಿ ಬಳಕೆಯಲ್ಲಿವೆ, ಬ್ರಿಟನ್ನಿನಲ್ಲಿ ಮನೆಯಲ್ಲಿ ಇಡುವುದಾದರೆ ಅಂಥದ್ದೊಂದಕ್ಕೆ 10 ಲೀಟರಿನ ಮಿತಿ. ನಿಮ್ಮ ಬಿಳಿ ಕ್ಯಾನು ಆ ಜಾತಿಯದಲ್ಲ. ಯಾವುದೋ ರಾಸಾಯನಿಕವೋ ಅಡುಗೆ ಎಣ್ಣೆಯೋ ಬಂದು ಖಾಲಿಯಾದ ಕ್ಯಾನು ಅದು. ಮಧ್ಯಾಹ್ನ ಅದರ ಹೊಟ್ಟೆ ಉಬ್ಬಿರುತ್ತದೆ, ಬೆಳಗ್ಗೆ ಒಳಕ್ಕೆ ಎಳೆದುಕೊಂಡಿರುತ್ತದೆ, ನೀವೇ ನೋಡಿರುತ್ತೀರಿ. ಪ್ರತಿ ಉಬ್ಬುವಿಕೆಗೂ ಮುಚ್ಚಳದ ಸಂದಿಯಿಂದ ಆವಿ ಹೊರಗೆ. ತೆಳು ಪ್ಲಾಸ್ಟಿಕ್ಕಿನ ಗೋಡೆಯ ಮೂಲಕವೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಒಂದೆರಡು ವರ್ಷದಲ್ಲಿ ಹಿಡಿಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ತುಂಬಿದ ಕ್ಯಾನು ಎತ್ತಿದ ದಿನವೇ ಅದು ಬಿಡುವುದು.

ತೆಗೆದುಕೊಳ್ಳಬೇಕಾದ್ದು ತಿರುಪಿನ ಇಲ್ಲವೇ ಕೊಂಡಿಯ ಮುಚ್ಚಳ, ಅದರೊಳಗೆ ಇಂಧನಕ್ಕೆ ಕರಗದ ವಾಷರ್ ಇರುವ ಲೋಹದ ಜೆರ್ರಿಕ್ಯಾನ್. ಹತ್ತು ಲೀಟರಿನವು ಎರಡು ಇದ್ದರೆ 20ರದ್ದು ಒಂದಕ್ಕಿಂತ ಚೆನ್ನ, ಹೊರಲು ಹಗುರ, ಒಂದು ಬಿದ್ದರೂ ಚೆಲ್ಲುವುದು ಅರ್ಧ. ಅಡುಗೆ ಎಣ್ಣೆಯ 15 ಕಿಲೋ ಡಬ್ಬಕ್ಕೆ ತಗಡಿನ ಮುಚ್ಚಳ ಒತ್ತಿ ಇಡುವವರನ್ನು ನೋಡಿದ್ದೇನೆ, ಅದು ಮುಚ್ಚಿದ ಹಾಗಲ್ಲ. ಕ್ಯಾನಿಗೆ ಕೆಂಪು ಬಣ್ಣ ಬಳಿದು 'ಪೆಟ್ರೋಲ್' ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆಯಿರಿ. ಎಂದೂ ಪೂರ್ತಿ ತುಂಬಬೇಡಿ. 20 ಲೀಟರ್ ಪೆಟ್ರೋಲ್ ಉಷ್ಣತೆ 20 ಡಿಗ್ರಿ ಏರಿದರೆ ಸುಮಾರು 400 ಮಿಲಿ ಲೀಟರ್ ಹಿಗ್ಗುತ್ತದೆ. ಬೆಳಗ್ಗೆ ಕಂಠಪೂರ್ತಿ ತುಂಬಿಸಿದ್ದು ಮಧ್ಯಾಹ್ನ ಎಲ್ಲಿಗೆ ಹೋಗಬೇಕು? ಹದಿನೆಂಟಕ್ಕೆ ನಿಲ್ಲಿಸಿ.

ನೀರಿನ ಬಾಟಲಿ, ಜ್ಯೂಸ್ ಬಾಟಲಿಗೆ ಮಾತ್ರ ಒಂದು ಹನಿಯೂ ಹಾಕಬೇಡಿ. ತೋಟದಿಂದ ಬಾಯಾರಿ ಬಂದವರು, ಮಕ್ಕಳು ಎತ್ತಿ ಕುಡಿದುಬಿಡುತ್ತಾರೆ. ಹಾಗೆ ಕುಡಿದರೆ ವಾಂತಿ ಮಾಡಿಸಲು ಹೋಗಬಾರದು, ವಾಂತಿಯಲ್ಲಿ ಮೇಲೆ ಬಂದ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದದ್ದಕ್ಕಿಂತ ಕೇಡು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೈಪನ್ನು ಬಾಯಲ್ಲಿಟ್ಟು ಬೈಕಿನ ಟ್ಯಾಂಕಿನಿಂದ ಎಳೆಯುವುದರಲ್ಲೂ ಇದೇ ಅಪಾಯ, ಹತ್ತು ರೂಪಾಯಿ ಉಳಿಸಲು ಯಾರೂ ಮಾಡಬೇಕಾದ ಸಾಹಸ ಅಲ್ಲ.

ಪಂಪ್‌ಶೆಡ್ಡಿಗೆ ಸಾಗಿಸಿದರೆ ಸಾಕೇ ಅಂದಿರಿ. ಮನೆಯಿಂದ ದೂರ ಅನ್ನುವುದೊಂದು ಬಿಟ್ಟರೆ ಅದು ಇನ್ನೂ ಕೆಟ್ಟ ಜಾಗ. ಅಲ್ಲಿ ಮೋಟರಿನ ಸ್ಟಾರ್ಟರ್ ಇದೆ. ಅದರ ಮುಚ್ಚಳ ತೆಗೆದು ಒಮ್ಮೆ ಒಳಗಿನ ಪಾಯಿಂಟುಗಳನ್ನು ನೋಡಿ, ಕಪ್ಪಗೆ ಸುಟ್ಟಿರುತ್ತವೆ. ಪ್ರತಿ ಸಲ ಮೋಟರ್ ಹಿಡಿಯುವಾಗಲೂ ಬಿಡುವಾಗಲೂ ಅಲ್ಲಿ ಕಿಡಿ ಬಿದ್ದ ಗುರುತು ಅದು. ಈಗೆಲ್ಲ ಆಟೋಸ್ಟಾರ್ಟರ್, ಮೊಬೈಲಿನಿಂದಲೇ ಮೋಟರ್ ಹಾಕುತ್ತೀರಿ. ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂದಾಗ, ಬಾಗಿಲು ಮುಚ್ಚಿದ ಶೆಡ್ಡಿನ ನೆಲದಲ್ಲಿ ಆವಿ ತುಂಬಿಕೊಂಡಿರುವಾಗ, ಅದು ತಾನಾಗಿ ಟಪ್ ಅನ್ನುತ್ತದೆ. ಜೊತೆಗೆ ಪಕ್ಕದಲ್ಲೇ ಕೆರೆ. ಚೆಲ್ಲಿದ್ದು ನೀರಿಗೆ.

ಒಂದು ಗೂಡು ಕಟ್ಟಿಸಿ. ದೊಡ್ಡ ಖರ್ಚಿನದಲ್ಲ, ಮನೆ ಕಟ್ಟುವಾಗ ಉಳಿದ ಜಂಬಿಟ್ಟಿಗೆ ಕಲ್ಲು ಹಿತ್ತಿಲಲ್ಲಿ ಬಿದ್ದಿರುತ್ತದಲ್ಲ, ಅದೇ ಸಾಕು. ಮೂರಡಿ ಉದ್ದ, ಎರಡಡಿ ಅಗಲ, ಮೂರಡಿ ಎತ್ತರ, ಮೇಲೆ ಶೀಟು. ಮನೆ, ಕೊಟ್ಟಿಗೆ, ಹುಲ್ಲುಬಣವೆ, ಸೌದೆ ಕೊಟ್ಟಿಗೆ, ಅಡಿಕೆ ಬೇಯಿಸುವ ಒಲೆ, ಇವೆಲ್ಲದರಿಂದ ಮೂವತ್ತಡಿಯಾದರೂ ಆಚೆ. ಮಲೆನಾಡಿನ ಮನೆ ಸಾಮಾನ್ಯವಾಗಿ ಇಳಿಜಾರಿನಲ್ಲಿರುತ್ತದೆ. ಗೂಡು ಮನೆಗಿಂತ ತಗ್ಗಿನ ಕಡೆ ಇರಲಿ, ಮೇಲಿನ ದರೆಯ ಕಡೆ ಬೇಡ, ಕಾರಣ ಆ ತಗಡಿನ ದೋಣಿ. ಬಾವಿಯ ಮೇಲ್ಭಾಗವೂ ಬೇಡ. ಗೂಡಿನ ಎರಡು ಎದುರುಬದುರು ಗೋಡೆಗಳಲ್ಲಿ ನೆಲಮಟ್ಟಕ್ಕೇ ಒಂದೊಂದು ಕಲ್ಲು ಬಿಟ್ಟು ಸಣ್ಣಕಣ್ಣಿನ ಜಾಲರಿ ಹಾಕಿಸಿ, ಮೇಲೆಯೂ ಒಂದೊಂದು. ಹೆಚ್ಚಿನವರು ಗಾಳಿಕಂಡಿಯನ್ನು ಮೇಲೆ ಮಾತ್ರ ಬಿಡುತ್ತಾರೆ, ಅಡುಗೆಮನೆಯ ಹೊಗೆಗೆ ಬಿಟ್ಟ ಹಾಗೆ. ಇಲ್ಲಿ ಕೆಲಸ ಮಾಡುವುದು ಕೆಳಗಿನ ಕಂಡಿ. ತಳದಲ್ಲಿ ಒಣಮರಳು ಹರಡಿದ ತಗಡಿನ ತಟ್ಟೆ, ಅದರ ಮೇಲೆ ಕ್ಯಾನು. ಕರೆಂಟಿನ ತಂತಿ ಹತ್ತಿರ ಸುಳಿಯಬಾರದು. ಬಾಗಿಲಿಗೆ ಬೀಗ. ಸುತ್ತ ದರಕು (ಒಣ ಎಲೆ) ಬಿದ್ದು ರಾಶಿಯಾಗಲು ಬಿಡಬೇಡಿ.

ಖಾಲಿ ಕ್ಯಾನನ್ನೂ ಅಲ್ಲೇ ಇಡಿ. ಖಾಲಿ ಎಂದರೆ ದ್ರವ ಖಾಲಿ, ಒಳಗೆ ಆವಿ ಇದ್ದೇ ಇರುತ್ತದೆ. ತುಂಬಿದ ಕ್ಯಾನಿನೊಳಗೆ ಆವಿ ಎಷ್ಟು ದಟ್ಟವೆಂದರೆ ಉರಿಯಲು ಗಾಳಿಯೇ ಸಾಲದು. ಶೇ 7.6 ದಾಟಿದ ಆವಿ ಹೊತ್ತುವುದಿಲ್ಲ. ತಳದಲ್ಲಿ ನಾಲ್ಕು ಹನಿ ಉಳಿದು, ಮುಚ್ಚಳ ತೆಗೆದಿಟ್ಟ ಕ್ಯಾನಿನಲ್ಲಿ ಗಾಳಿ ಬೆರೆತು ಸಿಡಿಯುವ ಹದಕ್ಕೆ ಬಂದಿರುತ್ತದೆ. ಹಳೇ ಟ್ಯಾಂಕಿಗೋ ಡ್ರಮ್ಮಿಗೋ ವೆಲ್ಡಿಂಗ್ ಮಾಡಿಸಲು ಒಯ್ಯುವವರು ಇದನ್ನು ನೆನಪಿಡಬೇಕು.

ತರುವಾಗಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಾಟಲಿಗೆ ಹಾಕುವುದಿಲ್ಲ ಅಂತ ಬಂಕಿನ ಹುಡುಗ ಹೇಳಿದರೆ ಜಗಳ ಆಡಬೇಡಿ, ಅವನು ಸರಿ. ಲೋಹದ ಕ್ಯಾನನ್ನು ಜೀಪಿನಿಂದ ಕೆಳಗಿಳಿಸಿ ನೆಲದ ಮೇಲಿಟ್ಟು, ನಾಝಲ್ ಕ್ಯಾನಿನ ಬಾಯಿಗೆ ತಾಗಿಕೊಂಡಿರುವಂತೆ ಹಿಡಿಸಿ ತುಂಬಿಸಿ. ಪೆಟ್ರೋಲ್ ಹರಿಯುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ, ನೆಲ ಮುಟ್ಟಿದ ಲೋಹದಲ್ಲಿ ಅದು ಇಳಿದುಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಾಗಲಿ, ರಬ್ಬರ್ ಮ್ಯಾಟಿನ ಮೇಲಾಗಲಿ ಕೂತುಬಿಡುತ್ತದೆ. ನಿಮ್ಮ ಕಡೆಯ ಜಡಿಮಳೆಯಲ್ಲಿ ಇದರ ಕಾಟ ಕಡಿಮೆ. ವಿಜಯಪುರ, ರಾಯಚೂರಿನ ಒಣ ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುವುದು ಇದೇ. ಓಮ್ನಿಯ ಹಿಂದೆ ಕ್ಯಾನಿಟ್ಟು ಕಿಟಕಿ ಏರಿಸಿ, ಪೇಟೆಯಲ್ಲಿ ಇನ್ನೆರಡು ಕೆಲಸ ಮುಗಿಸಿ ಬರುವುದು ಬೇಡ. ಪೆಟ್ರೋಲ್ ಕೊನೆಯ ಖರೀದಿಯಾಗಲಿ, ಕಿಟಕಿ ತೆಗೆದಿರಲಿ. ಬಸ್ಸಿನಲ್ಲಿ ಚೀಲದೊಳಗೆ ಮುಚ್ಚಿ ತರುವುದಂತೂ ಐವತ್ತು ಜನರ ಪ್ರಾಣದ ಜೊತೆ ಆಟ.

ಮೆಷಿನ್ನಿಗೆ ತುಂಬಿಸುವಾಗ ನಿಜವಾದ ಶತ್ರು ಅವಸರ. ಟ್ಯಾಂಕು ಖಾಲಿಯಾಗಿ ನಿಂತ ಕಳೆ ಮೆಷಿನ್ನಿನ ಸೈಲೆನ್ಸರ್ ಬೆರಳಿಟ್ಟರೆ ಸುಡುವಷ್ಟು ಬಿಸಿ. ಹತ್ತು ನಿಮಿಷ ಬಿಡಿ, ಎಲೆಯಡಿಕೆ ಹಾಕಿಕೊಳ್ಳಲು ಅದು ಸರಿಯಾದ ಹೊತ್ತು. ಹೆಗಲಿನಿಂದ ಇಳಿಸಿ ನೆಲದ ಮೇಲಿಟ್ಟು ತುಂಬಿಸಿ, ಚೆಲ್ಲಿದ್ದನ್ನು ಒರೆಸಿ, ತುಂಬಿಸಿದ ಜಾಗದಿಂದ ಹತ್ತು ಹೆಜ್ಜೆ ಆಚೆ ಹೋಗಿ ಸ್ಟಾರ್ಟ್ ಮಾಡಿ. ಜನರೇಟರಿಗೂ ಇದೇ ಮಾತು, ಓಡುತ್ತಿರುವಾಗ ಸುರಿಯುವುದು ಬೇಡ. ಅದನ್ನು ಜಗುಲಿಯಲ್ಲೋ ಒಳಗೋ ಓಡಿಸಿದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ, ಹಾಗಾಗಿ ಜನರೇಟರ್ ಯಾವತ್ತೂ ಹೊರಗೇ.

ಎಷ್ಟು ದಿನ ಕೆಡುವುದಿಲ್ಲ? ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಬಂಕಿನ ಮಾಮೂಲಿ ಪೆಟ್ರೋಲಿನಲ್ಲೇ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್‌ಗೆ ತೇವ ಎಂದರೆ ಪ್ರೀತಿ, ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ನಿಮ್ಮೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಮುಚ್ಚಳ ಸಡಿಲವಿದ್ದು ತೇವ ಒಂದು ಮಿತಿ ದಾಟಿತೆಂದರೆ ಎಥನಾಲೂ ನೀರೂ ಜೊತೆಯಾಗಿ ತಳಕ್ಕೆ ಕೂರುತ್ತವೆ, ಮೇಲೆ ಪೆಟ್ರೋಲ್ ಉಳಿಯುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಮೆಷಿನ್ನಿಗೆ ಇದು ಸಾವಿಗೆ ಸಮ. ನೀವು ಅಳೆದು ಹಾಕಿದ ಟೂಟಿ ಆಯಿಲ್ ಮೇಲಿನ ಪದರದಲ್ಲಿರುತ್ತದೆ, ಟ್ಯಾಂಕಿನ ಪೈಪು ಎಳೆಯುವುದು ತಳದಿಂದ. ಎಣ್ಣೆಯಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಮೆಕ್ಯಾನಿಕ್ ಆಯಿಲ್ ಹಾಕಿಲ್ಲ ಅಂತ ನಿಮ್ಮನ್ನು ಬೈಯುತ್ತಾನೆ.

ಹಾಗಾಗಿ ಬಿಗಿಮುಚ್ಚಳದ ಕ್ಯಾನಿನಲ್ಲಿದ್ದರೂ ಎರಡು ತಿಂಗಳು, ಮಳೆಗಾಲದಲ್ಲಿ ಒಂದು ತಿಂಗಳು ಅಂತ ಇಟ್ಟುಕೊಳ್ಳಿ. ತಂದ ತಾರೀಖನ್ನು ಕ್ಯಾನಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಡಿ. ಆಯಿಲ್ ಬೆರೆಸುವುದು ಅವತ್ತಿನ ಕೆಲಸಕ್ಕೆ ಬೇಕಾದಷ್ಟಕ್ಕೆ ಮಾತ್ರ. ಮೆಷಿನ್ನಿನ ಜೊತೆ ಬಂದ ಪುಸ್ತಕದಲ್ಲಿ 1:50 ಎಂದಿದ್ದರೆ ಲೀಟರಿಗೆ 20 ಮಿಲಿ, 1:25 ಎಂದಿದ್ದರೆ 40 ಮಿಲಿ. ಹಂಗಾಮು ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಮೆಷಿನ್ ಓಡಿಸಿ ಇಡಿ. ಇಲ್ಲದಿದ್ದರೆ ಮುಂದಿನ ವರ್ಷ ಅದರ ಜೆಟ್ ಎಂಬ ಸಣ್ಣ ತೂತಿನಲ್ಲಿ ಜೇನುಮೇಣದಂಥ ಅಂಟು ಕೂತಿರುತ್ತದೆ. ಸ್ವಲ್ಪ ಹಳತಾದರೂ ತಿಳಿಯಾಗಿರುವ, ಆಯಿಲ್ ಬೆರೆಸದ ಪೆಟ್ರೋಲನ್ನು ಬೈಕಿನಲ್ಲಿ ಹೊಸದರ ಜೊತೆ ಸ್ವಲ್ಪಸ್ವಲ್ಪವೇ ಸೇರಿಸಿ ಮುಗಿಸಬಹುದು. ಮಬ್ಬಾಗಿದ್ದರೆ, ಪದರ ಬಿಟ್ಟಿದ್ದರೆ ಗ್ಯಾರೇಜಿನವರಿಗೆ ಒಪ್ಪಿಸಿ. ತೋಟದ ಕಪ್ಪಿಗೆ (ಬಸಿಗಾಲುವೆಗೆ) ಚೆಲ್ಲಿದರೆ ಅದು ಹೋಗುವುದು ಬಾವಿಗೆ.

ಬೆಂಕಿ ಬಿದ್ದೇ ಬಿಟ್ಟರೆ ಕೈ ತಾನಾಗಿ ನೀರಿನ ಕೊಡದ ಕಡೆ ಹೋಗುತ್ತದೆ, ಅದನ್ನು ತಡೆಯಿರಿ. ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಅಂಗಳದ ತುಂಬ ಹರಡುತ್ತದೆ. ಚೆಲ್ಲಿದ ಸಣ್ಣ ಬೆಂಕಿಗೆ ಒಣಮರಳು. ಮನೆಯಲ್ಲಿ ಐಎಸ್‌ಐ ಗುರುತಿನ 4 ಅಥವಾ 6 ಕಿಲೋದ ಎಬಿಸಿ ಪೌಡರ್ ನಂದಕ ಒಂದು ಇರಲಿ, ಅಡುಗೆಮನೆಯ ಹೊರಬಾಗಿಲ ಹತ್ತಿರ ನೇತುಹಾಕಿ, ಪೆಟ್ರೋಲ್ ಗೂಡಿನೊಳಗಲ್ಲ. ಅದರ ಮೀಟರಿನ ಮುಳ್ಳು ಹಸಿರಿನಲ್ಲಿದೆಯೇ ಅಂತ ಅಮಾವಾಸ್ಯೆಗೊಮ್ಮೆ ನೋಡಿ. ಪಿನ್ ಎಳೆದು, ಗಾಳಿ ಬೆನ್ನಿಗೆ ಬರುವಂತೆ ನಿಂತು, ಉರಿಯ ಬುಡಕ್ಕೆ ಹೊಡೆಯಬೇಕು. ಕ್ಯಾನಿಗೇ ಹತ್ತಿಕೊಂಡಿದ್ದರೆ ಆರಿಸಲು ಹೋಗಬೇಡಿ. ದನದ ಹಗ್ಗ ಕತ್ತರಿಸಿ, ಜನರನ್ನು ಹೊರಗೆ ಕಳಿಸಿ, 112ಕ್ಕೋ 101ಕ್ಕೋ ಫೋನ್ ಮಾಡಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯುತ್ತಿರಲಿ. ಪೇಸ್ಟು, ಇಂಕು, ತುಪ್ಪ, ಬಾಳೆದಿಂಡಿನ ರಸ ಯಾವುದೂ ಬೇಡ.

ಇನ್ನು ಹಸಿ ಸೌದೆ. ಆ ಲೋಟಕ್ಕೆ ಬದಲು ಏನು ಅಂತ ನೀವು ಕೇಳಿಲ್ಲ, ಆದರೆ ಅದು ತೀರ್ಮಾನವಾಗದಿದ್ದರೆ ಜುಲೈನಲ್ಲಿ ಮತ್ತೆ ಯಾರೋ ಗೂಡಿನ ಬೀಗ ತೆಗೆಯುತ್ತಾರೆ. ನಮ್ಮನೆಯಲ್ಲಿ ಈಗ ಏಪ್ರಿಲ್‌ನಲ್ಲೇ ಒಣ ಅಡಿಕೆ ಹಾಳೆಯನ್ನು ಎರಡು ಬೆರಳಗಲಕ್ಕೆ ಸೀಳಿ, ತೆಂಗಿನ ಗರಿಯ ಜೊತೆ ಕಟ್ಟು ಕಟ್ಟಿ, ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸುತ್ತೇವೆ. ಹೊಗೆಯ ಬಿಸಿಗೆ ಆಗುಂಬೆ ಮಳೆಯಲ್ಲೂ ಅವು ಗರಿಗರಿಯಾಗಿರುತ್ತವೆ. ಒಂದು ಹಿಡಿ ಹಾಳೆ, ಮೇಲೆ ನಾಲ್ಕು ಗರಟೆ, ಗರಟೆ ಕೆಂಪಾದ ಮೇಲೆ ಸೌದೆ. ನಾಳೆ ಉರಿಸುವ ಸೌದೆಯನ್ನು ಇವತ್ತೇ ಒಲೆಯ ಪಕ್ಕ ಒರಗಿಸಿಡಬೇಕು. ಗರಟೆಯನ್ನು ಬೋರಲು ಇಡಬೇಕೋ ಅಂಗಾತ ಇಡಬೇಕೋ ಅನ್ನುವುದರಲ್ಲಿ ನಮ್ಮಲ್ಲಿ ಎರಡು ಮತ ಇದೆ. ಅದನ್ನು ನಿಮ್ಮ ಅಮ್ಮನನ್ನೇ ಕೇಳಿ.